ನೇರ ಮಾಡಿಸಿದ ಹಳ್ಳಕ್ಕೆ ಹಳೇ ದಾರಿ ಕೊಡಬೇಕು, ಅನುಭವ ಇದ್ದವರು ಹೇಳಿ

ಕೇಳಿದವರು, ಸಾಗರ ಕಡೆಯವರು:
ಗದ್ದೆಗೆ ನೀರು ನುಗ್ಗುತ್ತೆ ಅಂತ ಹದಿನೈದು ವರ್ಷದ ಹಿಂದೆ ಅಪ್ಪ ಹಿಟಾಚಿ ತರಿಸಿ ಹಳ್ಳ ನೇರ ಮಾಡಿಸಿದರು. ಈಗ ಮಳೆಗಾಲದಲ್ಲಿ ದಂಡೆ ಕುಸಿಯುತ್ತೆ, ಜನವರಿಗೇ ನೀರಿಲ್ಲ. ಮಳೆಗಾಲದಲ್ಲಿ ಹಳ್ಳ ಹತ್ತಿ ಬರುವ ಹತ್ಮೀನು ಬರೋದೇ ನಿಂತಿದೆ. ಹಳೇ ತಿರುವುಗಳಿಗೆ ಮತ್ತೆ ನೀರು ಬಿಡಬೇಕು. ಎಲ್ಲಿಂದ ಶುರು ಮಾಡಲಿ?

ಫ್ಲೋರಿಡಾದಿಂದ:
ಇಲ್ಲಿನ ಕಿಸ್ಸಿಮ್ಮಿ ನದಿಯದ್ದೂ ಇದೇ ಕಥೆ. ಬಳುಕುತ್ತ 166 ಕಿ.ಮೀ. ಹರಿಯುತ್ತಿದ್ದ ನದಿಯನ್ನು ಪ್ರವಾಹದ ಭಯಕ್ಕೆ 1962ರಿಂದ 1971ರೊಳಗೆ 90 ಕಿ.ಮೀ. ಕಾಲುವೆ ಮಾಡಿಬಿಟ್ಟರು. ಜೌಗು ಒಣಗಿತು. ಬಾತುಕೋಳಿಗಳು ಹತ್ತರಲ್ಲಿ ಒಂಬತ್ತು ಪಾಲು ಇಲ್ಲವಾದವು. 1999ರಲ್ಲಿ ಕಾಲುವೆ ಮುಚ್ಚಲು ತೊಡಗಿ 2021ರಲ್ಲಿ ಮುಗಿಸಿದರು, ಅದೂ ಸುಮಾರು 35 ಕಿ.ಮೀ. ಮಾತ್ರ.

ನಿಮಗೆ ಬೇಕಾದ್ದು ಇದು: ಹೆಚ್ಚಿನ ಕಡೆ ಹೊಸ ತಿರುವು ತೋಡಲಿಲ್ಲ. ಅಗೆದು ದಡದಲ್ಲಿ ರಾಶಿ ಹಾಕಿದ್ದ ಮಣ್ಣನ್ನೇ ಕಾಲುವೆಗೆ ತುಂಬಿದರು, ನೀರು ತಾನೇ ಹಳೇ ಮಡುಗಳನ್ನು ಹುಡುಕಿಕೊಂಡು ಹೋಯಿತು. ಕೊಳೆತು ಕೂತಿದ್ದ ಕಪ್ಪು ಕೆಸರು ಕೊಚ್ಚಿ ಹೋಗಿ ಅಡಿಯ ಮರಳು ಕಂಡಿತು. ಮಣ್ಣಲ್ಲಿ ಅಷ್ಟು ವರ್ಷ ಮಲಗಿದ್ದ ಬೀಜಗಳಿಂದ ಜೌಗು ಗಿಡಗಳು ಎದ್ದವು. ದೋಣಿಯಲ್ಲಿ ಹೋದಾಗ ಒಂದು ತಿರುವಿನ ಮರಳದಿಣ್ಣೆಯ ಮೇಲೆ ಬೆಳ್ಳಕ್ಕಿ ಸಾಲು ನೋಡಿ ನನಗೆ ಮಾತೇ ಹೊರಡಲಿಲ್ಲ.

ಆದರೆ ನೀರು ಹರಡುವ ಜಾಗವನ್ನು ಮೊದಲೇ ಕೊಂಡುಕೊಂಡಿದ್ದರು. ಯಾವ ಗದ್ದೆ ಮುಳುಗಿದರೆ ಪರವಾಗಿಲ್ಲ ಅಂತ ನೀವೂ ಮೊದಲು ಮನೆಯಲ್ಲಿ ಕೂತು ತೀರ್ಮಾನಿಸಿ. ಅಪ್ಪನವರನ್ನು ಒಪ್ಪಿಸದೆ ಮಣ್ಣು ಮುಟ್ಟಬೇಡಿ.

ತೀರ್ಥಹಳ್ಳಿಯಿಂದ:
ನಾವು ಇನ್ನೂರು ಅಡಿ ಮಾಡಿದ್ದೀವಿ ಮಾರಾಯ್ರೆ. ಮೊದಲು ಹಳೇ ಗ್ರಾಮನಕ್ಷೆ ತೆಗೆಸಿ, ಹಳ್ಳದ ಗೆರೆ ನೋಡಿ. ಪಕ್ಕದ ಗದ್ದೆಯವರಿಗೂ ಪಂಚಾಯ್ತಿಗೂ ಹೇಳಿ.

ಮೇ ಕೊನೆಯಲ್ಲಿ ಮಣ್ಣು ತುಂಬಿದ್ದೇ ನಮ್ಮ ತಪ್ಪು. ಮಣ್ಣು ಕೂರುವ ಮೊದಲೇ ಮಳೆ ಹಿಡಿದು ಎಲ್ಲ ಕೊಚ್ಚಿಕೊಂಡು ಹೋಯ್ತು, ಕೆಳಗಿನವರ ಸಸಿಮಡಿಗೂ ಹೊಕ್ಕಿತು. ಅವರ ನಷ್ಟ ಕಟ್ಟಿಕೊಟ್ಟೆವು. ಮರುವರ್ಷ ಜನವರಿಯಲ್ಲೇ ಮಾಡಿದೆವು: ನೇರ ಕಾಲುವೆಯ ತಲೆಗೆ ಬಿದಿರು ಗೂಟ, ಕಲ್ಲು, ಆಮೇಲೆ ಮಣ್ಣು. ತಿರುವಿನ ಹೊರದಂಡೆಗೆ ಕೇದಿಗೆ ಜಾತಿಯ ಮುಂಡಿಗೆ ಗಿಡ ನೆಟ್ಟೆವು, ಅದರ ಬೇರು ದಂಡೆ ಬಿಡೋದಿಲ್ಲ. ಹಳ್ಳಕ್ಕೆ ಮರ ಬಿದ್ದರೆ ಎಳೆದು ಹಾಕಬೇಡಿ, ಅದರ ಬುಡದಲ್ಲೇ ಮಡು ಆಗೋದು.

ಎರಡನೇ ಮಳೆಗಾಲ ಕಳೆದ ಮೇಲೆ ಒಳತಿರುವಿನಲ್ಲಿ ಮೊರದಷ್ಟು ಮರಳು ಕೂತಿತ್ತು. ಅದರ ಮೇಲೆ ಏಡಿ ಚಿಪ್ಪು ತುಂಬಿದ ಲದ್ದಿ, ಪಕ್ಕದಲ್ಲೇ ನೀರುನಾಯಿ ಹೆಜ್ಜೆ.