ಐದು ಶುಕ್ರವಾರ, ಹದಿನೆಂಟು ಎಲೆ

2025ರ ಆಗಸ್ಟ್ 1, ಶುಕ್ರವಾರ. ಬೆಳಿಗ್ಗೆ ಆರೂಕಾಲಿಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಸರಸತ್ತೆ ಒಂದು ಚಿತ್ರ ಹಾಕಿದರು. ಕೆಂಪು ಸೀರೆಯ ಲಕ್ಷ್ಮಿ, ಅಂಗೈಯಿಂದ ಉದುರುವ ನಾಣ್ಯ, ಕೆಳಗೆ ಹಳದಿ ಅಕ್ಷರ. "ಈ ಆಗಸ್ಟ್‌ನಲ್ಲಿ 5 ಶುಕ್ರವಾರ, 5 ಶನಿವಾರ, 5 ಭಾನುವಾರ! 823 ವರ್ಷಕ್ಕೊಮ್ಮೆ ಮಾತ್ರ! ಐದು ಜನಕ್ಕೆ ಕಳಿಸಿ, ನಾಲ್ಕು ದಿನದಲ್ಲಿ ಹಣ ಬರುತ್ತೆ. ಕಳಿಸದಿದ್ದರೆ…" ಕಳಿಸದಿದ್ದರೆ ಏನಾಗುತ್ತೆ ಅನ್ನೋ ಸಾಲು ಅರ್ಧ ಕತ್ತರಿಸಿ ಹೋಗಿತ್ತು. ಎಷ್ಟು ಫೋನು ಸುತ್ತಿ ಬಂದಿತ್ತೋ, ಅಂಚೇ ಸವೆದಿತ್ತು.

ಗುಂಪಲ್ಲಿ 43 ಜನ. ಅರ್ಧ ಮೈಸೂರು, ಅರ್ಧ ಮಂಡ್ಯ, ಮಿಕ್ಕಿದ ಇಬ್ಬರು ಅಮೆರಿಕ. ಏಳು ಗಂಟೆಯೊಳಗೆ ಹನ್ನೊಂದು ಜನ ಕೈಮುಗಿದಿದ್ದರು. ಅದರಲ್ಲಿ ನಾನೂ ಒಬ್ಬಳು. ಓದಿರಲಿಲ್ಲ. ಲಕ್ಷ್ಮಿ ಕಂಡಳು, ಮುಗಿದೆ.

ಆಮೇಲೆ ಕಿಟ್ಟಿ ಎದ್ದ.

ಕಿಟ್ಟಿ: ಅತ್ತೆ, ಇದಕ್ಕೆ ಆಧಾರ ಏನು?

ಸರಸತ್ತೆ: ಆಧಾರ್ ಯಾಕಪ್ಪಾ ಕೇಳ್ತಾರೆ? ನಾನಂತೂ ಯಾರಿಗೂ ಓಟಿಪಿ ಕೊಟ್ಟಿಲ್ಲ.

ಕಿಟ್ಟಿ: ಆ ಆಧಾರ್ ಅಲ್ಲ ಅತ್ತೆ. ಯಾರು ಹೇಳಿದ್ದು ಅಂತ.

ಸರಸತ್ತೆ: ಭಜನೆ ಗುಂಪಲ್ಲಿ ಬಂತು.

ಕಿಟ್ಟಿಗೆ ಸುಮ್ಮನಿರೋಕೆ ಬರಲ್ಲ. ಚಿಕ್ಕಂದಿನಲ್ಲಿ ಸತ್ಯನಾರಾಯಣ ಪೂಜೆ ದಿನ ಪುರೋಹಿತರನ್ನೇ ತಡೆದು, ಕಥೆಯಲ್ಲಿ ಹಡಗು ಮುಳುಗಿದ್ದು ಯಾವ ಸಮುದ್ರದಲ್ಲಿ ಅಂತ ಕೇಳಿದವನು. ಈಗ ಲೆಕ್ಕ ಶುರು ಮಾಡಿದ. 31 ದಿನ ಅಂದರೆ ನಾಲ್ಕು ವಾರ, ಮೇಲೆ ಮೂರು ದಿನ. ಹಾಗಾಗಿ ತಿಂಗಳ ಮೊದಲ ಮೂರು ದಿನ ಯಾವ ಯಾವ ವಾರವೋ, ಆ ವಾರಗಳು ಐದೈದು ಸಲ ಬಂದೇ ಬರುತ್ತವೆ. ಒಂದನೇ ತಾರೀಖು ಶುಕ್ರವಾರ ಬಿದ್ದರೆ ಶುಕ್ರ, ಶನಿ, ಭಾನು. ವರ್ಷದಲ್ಲಿ 31 ದಿನದ ತಿಂಗಳು ಏಳಿವೆ, ಹೆಚ್ಚುಕಮ್ಮಿ ವರ್ಷಕ್ಕೊಂದು ಸಲ ಹೀಗಾಗುತ್ತೆ. 2026ರ ಮೇ ನೋಡಿ, 2027ರ ಜನವರಿ ನೋಡಿ.

ಯಾರೂ ನೋಡಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು ಇನ್ನೊಂದು ಸಾಲು ಸೇರಿಸಿದ.

ಕಿಟ್ಟಿ: 2025ರಿಂದ 823 ಕಳೆದರೆ 1202. ಈ ಕ್ಯಾಲೆಂಡರ್ ಬಂದಿದ್ದೇ 1582ರಲ್ಲಿ. 1202ರಲ್ಲಿ ಇಲ್ಲಿ ಹೊಯ್ಸಳರ ವೀರ ಬಲ್ಲಾಳ ಆಳ್ತಿದ್ದ. ಸೋಮನಾಥಪುರದ ದೇವಸ್ಥಾನ ಕೂಡ ಕಟ್ಟಿರಲಿಲ್ಲ.

ಮಂಡ್ಯ ಚಿಕ್ಕಪ್ಪ: ಸೋಮನಾಥಪುರನೇ ಯಾಕೆ? ನಮ್ಮ ಮಂಡ್ಯದ ಬಸರಾಳು ದೇವಸ್ಥಾನ ಯಾಕೆ ಹೇಳ್ಲಿಲ್ಲ?

ಕಿಟ್ಟಿ: ಸುಮ್ನೆ ಉದಾಹರಣೆ ಚಿಕ್ಕಪ್ಪ.

ಮಂಡ್ಯ ಚಿಕ್ಕಪ್ಪ: ಬಸರಾಳು 1234. ಸೋಮನಾಥಪುರ 1258. ಯಾವುದು ಮೊದಲು ನೀನೇ ಹೇಳು.

ಕಿಟ್ಟಿ: ಎರಡೂ 1202 ಆದಮೇಲೇ ಅಲ್ವಾ?

ಮಂಡ್ಯ ಚಿಕ್ಕಪ್ಪ: ನಾನು ಕೇಳಿದ್ದು ಅದಲ್ಲ. ಮೈಸೂರಿನವರಿಗೆ ಮಂಡ್ಯ ಅಂದ್ರೆ ದಾರಿಲಿ ವಡೆ ತಿನ್ನೋ ಜಾಗ. ಹೊಸ ಹೈವೇ ಬಂದಮೇಲೆ ಅದಕ್ಕೂ ನಿಲ್ಲಿಸಲ್ಲ.

ಇದರಲ್ಲಿ ಸುಳ್ಳೇನಿಲ್ಲ. ಹೋದ ತಿಂಗಳು ಬೆಂಗಳೂರಿಗೆ ಹೋಗುವಾಗ ನಾನೂ ನಿಲ್ಲಿಸಿರಲಿಲ್ಲ. ಅದಕ್ಕೇ ಬಾಯಿ ಬಿಡಲಿಲ್ಲ.

ಸೋಮನಾಥಪುರ ಅಂದದ್ದೇ ತಡ, ಪುಟ್ಟಕ್ಕ ಹಳೇ ಫೋಟೋ ಹುಡುಕಿ ಹಾಕಿದಳು. ಆಲ್ಬಮ್ಮಿನ ಪ್ಲಾಸ್ಟಿಕ್ ಹಾಳೆ ತೆಗೆಯದೆ ಹೊಡೆದ ಫೋಟೋ, ನಡುವೆ ಬಿಳೀ ಬೆಳಕಿನ ಚುಕ್ಕೆ. ನಕ್ಷತ್ರದಾಕಾರದ ಜಗಲಿಯ ಮೇಲೆ ಎಲ್ಲರೂ ಸಾಲಾಗಿ ನಿಂತಿದ್ದಾರೆ. ಬೆಳಕಿನ ಚುಕ್ಕೆ ಸರಿಯಾಗಿ ಸರಸತ್ತೆಯ ಮುಖದ ಮೇಲೆ. ಚಿಕ್ಕಪ್ಪನ ಬೆಲ್‌ಬಾಟಮ್ ಮಾತ್ರ ಸ್ಪಷ್ಟ.

ಪುಟ್ಟಕ್ಕ: ಅವತ್ತು ಅಜ್ಜಿ ಕಟ್ಟಿಕೊಟ್ಟ ಚಿತ್ರಾನ್ನ! ಬರೋವಾಗ ಆಲೆಮನೆಗೆ ಹೋಗಿದ್ವಿ, ನೆನಪಿದ್ಯಾ? ಬಾಳೆ ಎಲೆ ಮೇಲೆ ಬಿಸಿ ಬೆಲ್ಲ ಹಾಕಿಕೊಟ್ಟಿದ್ರು. ಕಿಟ್ಟಿ ನಾಲಿಗೆ ಸುಟ್ಟುಕೊಂಡು ಅತ್ತಿದ್ದ.

ಕಿಟ್ಟಿ: ನಾನಲ್ಲ.

ಪುಟ್ಟಕ್ಕ: ನೀನೇ.

ಹತ್ತು ಗಂಟೆಗೆ ಪೂಜೆ, ತಿಂಡಿ ಮುಗಿಸಿ ದೊಡ್ಡಪ್ಪ ಬಂದರು. ಹೈಸ್ಕೂಲ್ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಅವರು ಬರೆದರೆ ಪೂರ್ಣವಿರಾಮ ಇರುತ್ತೆ, ಎಲ್ಲರಿಗೂ ಒಂದು ಪಾಲು ಬುದ್ಧಿವಾದವೂ ಇರುತ್ತೆ.

ದೊಡ್ಡಪ್ಪ: ಮಕ್ಕಳೇ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು. ಬಂದದ್ದನ್ನೆಲ್ಲ ಹಂಚುವುದು ವಿದ್ಯಾವಂತರ ಲಕ್ಷಣವಲ್ಲ. ಪಂಚಾಂಗ ನೋಡಿ. ಈ ಸಲ ಶ್ರಾವಣ ಜುಲೈ 25ಕ್ಕೇ ಶುರುವಾಗಿದೆ. ಶ್ರಾವಣ ಶುಕ್ರವಾರಗಳೂ ಐದೇ. ಜುಲೈ 25, ಆಗಸ್ಟ್ 1, 8, 15, 22. ಆಗಸ್ಟ್ 29 ಭಾದ್ರಪದ. ಅಷ್ಟರಲ್ಲಿ ಗೌರಿ ಗಣೇಶ ಮುಗಿದಿರುತ್ತದೆ. ಇನ್ನೊಂದು ವಿಷಯ. 1947ರ ಆಗಸ್ಟ್ 15 ಕೂಡ ಶುಕ್ರವಾರ. ಆ ವರ್ಷದ ಕ್ಯಾಲೆಂಡರೂ ಈ ವರ್ಷದ ಕ್ಯಾಲೆಂಡರೂ ಒಂದೇ. ಆದರೆ ಅವತ್ತು ನಮ್ಮ ಮೈಸೂರು ಸಂಸ್ಥಾನದಲ್ಲಿ ಜನರ ಸರ್ಕಾರ ಇನ್ನೂ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ನಡೆದು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು.

ಮಂಡ್ಯ ಚಿಕ್ಕಪ್ಪ: ಅದಕ್ಕೂ ಮುಂಚೆ 1938ರಲ್ಲೇ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿತ್ತಣ್ಣ. ಅದೂ ಮಂಡ್ಯನೇ.

ದೊಡ್ಡಪ್ಪ: 1938ರಲ್ಲಿ ಮಂಡ್ಯ ಜಿಲ್ಲೆಯೇ ಇರಲಿಲ್ಲ. ಆದದ್ದು 1939ರಲ್ಲಿ. ಅದು ಮೈಸೂರು ಜಿಲ್ಲೆ.

ಇದಕ್ಕೆ ಚಿಕ್ಕಪ್ಪ ಇಪ್ಪತ್ತು ನಿಮಿಷ ಉತ್ತರ ಬರೀತಾನೇ ಇದ್ದರು. 'ಟೈಪಿಂಗ್' ಅಂತ ಬರೋದು, ಹೋಗೋದು. ಕೊನೆಗೆ ಏನೂ ಬರಲಿಲ್ಲ.

ನಡುವೆ ಬ್ಯಾಂಕಿನಲ್ಲಿರುವ ಭಾವ ಒಂದು ಮಾತು ಹೇಳಿದರು. "ಶುಕ್ರವಾರ ಬಿಡಿ. ಅಕ್ಟೋಬರ್ 2ಕ್ಕೆ ವಿಜಯದಶಮಿ, ಗಾಂಧಿ ಜಯಂತಿ ಎರಡೂ ಒಂದೇ ದಿನ. ಒಂದು ರಜೆ ಹೋಯ್ತಲ್ಲ, ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ." ನನ್ನ ಲೆಕ್ಕದಲ್ಲಿ ಅವತ್ತಿನ ಒಂದೇ ಕೆಲಸದ ಮಾತು ಅದು. ಒಬ್ಬರೂ ಉತ್ತರ ಕೊಡಲಿಲ್ಲ.

ಮಧ್ಯಾಹ್ನ ಊಟ ಆದಮೇಲೆ ಸರಸತ್ತೆ ವಾಪಸ್ ಬಂದರು. ಯೋಚನೆ ಮಾಡಿಕೊಂಡೇ ಬಂದಿದ್ದರು ಅನ್ನಿಸುತ್ತೆ.

ಸರಸತ್ತೆ: ನಾನು ಹಾಕಿದ್ದು ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತೆ. 2000 ರೂಪಾಯಿ ನೋಟಲ್ಲಿ ಚಿಪ್ ಇದೆ ಅಂತ ಹಾಕಿದ್ದು ಯಾರು?

ಮಂಡ್ಯ ಚಿಕ್ಕಪ್ಪ: ಅದು ಟೀವೀಲೇ ಹೇಳಿದ್ರಕ್ಕ.

ಸರಸತ್ತೆ: ನಿನ್ನ ಮಗಳ ಮದುವೇಲಿ ಕೊನೇ ಪಂಕ್ತಿಗೆ ಒಬ್ಬಟ್ಟು ಸಾಲಲಿಲ್ಲ. ನಾನು ಯಾವತ್ತಾದ್ರೂ ಗುಂಪಲ್ಲಿ ಹೇಳಿದ್ದೀನಾ?

ಮಂಡ್ಯ ಚಿಕ್ಕಪ್ಪ: ಈಗ ಹೇಳಿದೆಯಲ್ಲಕ್ಕ.

ಅಲ್ಲಿಂದ ಲಕ್ಷ್ಮಿಯನ್ನೂ ಮರೆತರು, ಬಲ್ಲಾಳನನ್ನೂ ಮರೆತರು. ಎಷ್ಟು ಜನಕ್ಕೆ ಒಬ್ಬಟ್ಟು ಸಾಲಲಿಲ್ಲ ಅನ್ನೋದೇ ಪ್ರಶ್ನೆ ಆಯಿತು. ಹತ್ತು ಜನ ಅಂತ ಚಿಕ್ಕಪ್ಪ. ಮೂವತ್ತಕ್ಕೆ ಕಮ್ಮಿ ಇಲ್ಲ ಅಂತ ಅತ್ತೆ. ಅವರಿಗೆಲ್ಲ ಜಹಾಂಗೀರ್ ಹಾಕಿಸಿದ್ದೆ ಅಂತ ಚಿಕ್ಕಪ್ಪ. ಹೋಳಿಗೆ ಊಟ ಅಂತ ಕರೆದು ಜಹಾಂಗೀರ್ ಹಾಕಿದರೆ ಏನು ಚೆನ್ನ ಅಂತ ಅತ್ತೆ. ಬೆಳಿಗ್ಗೆಯಿಂದ ಒಂದು ಮಾತನ್ನೂ ಆಡದ ಅಮೆರಿಕದ ತಮ್ಮ, ಅಲ್ಲಿ ನಡುರಾತ್ರಿ ದಾಟಿದ್ದರೂ, ಮದುವೆ ವಿಡಿಯೋ ತನ್ನ ಹತ್ತಿರ ಇದೆ ಅಂದ. ಐದೇ ನಿಮಿಷಕ್ಕೆ ಕೊನೇ ಪಂಕ್ತಿಯ ಚಿತ್ರ ಬಂತು. ಪುಟ್ಟಕ್ಕ ಅದನ್ನು ದೊಡ್ಡದು ಮಾಡಿ, ಒಂದೊಂದು ಎಲೆಗೂ ಕೆಂಪು ಗುರುತು ಹಾಕಿ ಎಣಿಸಿದಳು. ಹದಿನೆಂಟು. ಕಂಬದ ಹಿಂದೆ ಇನ್ನೂ ಎರಡು ಎಲೆ ಇರಬಹುದು ಅಂತ ಕಿಟ್ಟಿ. ಕಂಬದ ಹಿಂದೆ ಕೈತೊಳೆಯೋ ಜಾಗ, ಅಲ್ಲಿ ಎಲೆ ಹಾಕಿರಲಿಲ್ಲ ಅಂತ ಭಾವ. ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಶುಕ್ರವಾರ ಎಣಿಸೋಕೆ ಒಬ್ಬರೂ ಎದ್ದಿರಲಿಲ್ಲ. ಎಲೆ ಎಣಿಸೋಕೆ ಆರು ಜನ ಕೂತಿದ್ದರು. ಏಳನೆಯವಳು ನಾನು.

ಸಂಜೆ ಕಿಟ್ಟಿ ಗುಂಪಿನ ಹಳೇ ಮೆಸೇಜುಗಳಲ್ಲಿ '823' ಅಂತ ಹುಡುಕಿದ. ಸಿಕ್ಕಿತು. 2024ರ ಮಾರ್ಚ್ 1. ಅವತ್ತೂ ಶುಕ್ರವಾರವೇ. "ಈ ಮಾರ್ಚ್‌ನಲ್ಲಿ 5 ಶುಕ್ರವಾರ, 5 ಶನಿವಾರ, 5 ಭಾನುವಾರ." ಹಾಕಿದವರು ದೊಡ್ಡಪ್ಪ. ಅದರ ಸ್ಕ್ರೀನ್‌ಶಾಟ್ ಗುಂಪಿಗೆ ಹಾಕಿದ, ಅರ್ಧ ನಿಮಿಷದಲ್ಲಿ ಅಳಿಸಿಬಿಟ್ಟ. ದೊಡ್ಡಪ್ಪನ ಗೌರವಕ್ಕೆ ಅಂದುಕೊಂಡೆ. ಅಲ್ಲ. ನಾನೂ ಹೋಗಿ ಅದೇ ಮೆಸೇಜ್ ತೆಗೆದು ನೋಡಿದೆ. ಅದರ ಕೆಳಗೆ ಮೊದಲ ಹೆಬ್ಬೆರಳು ಕಿಟ್ಟಿಯದೇ.

ಆದರೂ ದೊಡ್ಡಪ್ಪ ನೋಡಿಬಿಟ್ಟಿದ್ದರು.

ದೊಡ್ಡಪ್ಪ: ಅದು ಮಾರ್ಚ್ ತಿಂಗಳಿನದು. ಇದು ಆಗಸ್ಟ್.

ಇದಕ್ಕೆ ಏನು ಹೇಳೋದು? ಕಿಟ್ಟಿಯೂ ಕೈಮುಗಿದ ಗುರುತು ಹಾಕಿ ಸುಮ್ಮನಾದ.

ರಾತ್ರಿ ಒಂಬತ್ತಕ್ಕೆ ಸರಸತ್ತೆ ನನಗೊಬ್ಬಳಿಗೇ ಫೋನ್ ಮಾಡಿದರು.

"ನಿನ್ನ ಮಾತ್ರ ಕೇಳ್ತೀನಿ ಕಣೇ. ಐದು ಶುಕ್ರವಾರ ಇದೆಯೋ ಇಲ್ವೋ?"

ಅಡುಗೆಮನೆ ಬಾಗಿಲ ಹಿಂದೆ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್ ಇದೆ. ಜುಲೈ ಹಾಳೆ ಇನ್ನೂ ತಿರುವಿರಲಿಲ್ಲ. ತಿರುವಿದೆ. 1, 8, 15, 22, 29.

"ಇದೆ ಅತ್ತೆ."

"ಅಷ್ಟೇ ಅಲ್ವಾ ನಾನು ಹೇಳಿದ್ದು? 8ಕ್ಕೆ ವರಮಹಾಲಕ್ಷ್ಮಿ, ಬೇಗ ಬಾ. ಹೂವು ಬುಧವಾರವೇ ದೇವರಾಜ ಮಾರ್ಕೆಟ್‌ನಿಂದ ತಂದಿಟ್ಟುಬಿಡು. ಗುರುವಾರ ಹೋದರೆ ಮೊಳ ಮಲ್ಲಿಗೆ ಮುಟ್ಟೋಕಾಗಲ್ಲ."

"ಆಯ್ತು."

"ಒಬ್ಬಟ್ಟು ಮಾಡ್ತೀನಿ. ಮಂಡ್ಯದವನಿಗೂ ಒಂದು ಮಾತು ಹೇಳು. ನಾನು ಹೇಳಿದೆ ಅಂತ ಹೇಳಬೇಡ."