ನಾಳೆಗೆ ಏನು ನೆನೆಹಾಕಿದ್ದೀಯ?

ಪುಟ್ಟೀ, ನೀನು ಬೆಳಿಗ್ಗೆ ಗ್ರೂಪಿಗೆ ಹಾಕಿದ ಮೆಸೇಜು ಈಗ ನೋಡಿದೆ. "ಏನು ಅಡುಗೆ ಮಾಡಲಿ ಅಂತ ಕೇಳಿದರೆ ಐದು ಜನರೂ ಏನಾದರೂ ಮಾಡು ಅಂತಾರೆ, ತಟ್ಟೆ ಮುಂದೆ ಕೂತ ಮೇಲೆ ಇವತ್ತೂ ಇದೇನಾ ಅಂತಾರೆ, ಸಾಕಾಗಿ ಹೋಗಿದೆ" ಅಂತ ಬರೆದಿದ್ದೀಯಲ್ಲ, ಓದಿ ತುಂಬಾ ಬೇಜಾರಾಯಿತು ಕಣೇ. ಇದು ಟೈಪ್ ಮಾಡಿ ಮುಗಿಯುವ ಮಾತಲ್ಲ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಕೆಲಸ ಮಾಡುತ್ತಾ ಕೇಳಿಸಿಕೋ.

ಅಡುಗೆ ಮಾಡುವುದಕ್ಕೆ ನೀನು ಹಿಂದೆಮುಂದೆ ನೋಡಿದವಳಲ್ಲ, ಅದು ನಮಗೆಲ್ಲ ಗೊತ್ತು. ಐದು ಜನರ ಬಾಯಿರುಚಿಯನ್ನು ದಿನಾ ಒಬ್ಬಳೇ ಊಹಿಸಬೇಕಲ್ಲ, ನಿನಗೆ ಸುಸ್ತಾಗಿರುವುದು ಅದರಿಂದ. ಏನಾದರೂ ಮಾಡು ಅನ್ನುವವರು ನಿನಗೆ ತೊಂದರೆ ಬೇಡ ಅಂತಲೇ ಅನ್ನುತ್ತಾರೆ. ಆದರೆ ಭಾರವೆಲ್ಲ ನಿನ್ನ ತಲೆ ಮೇಲೇ ಬಂತು, ಅಲ್ವಾ? ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮದು ಒಂಬತ್ತು ಜನರ ಮನೆ. ಬೆಳಿಗ್ಗೆ ಒಲೆ ಹಚ್ಚಿ, ಏನು ಇಡಬೇಕು ಅಂತ ತೋಚದೆ, ಸೆರಗಲ್ಲಿ ಕಣ್ಣೊರೆಸಿಕೊಂಡು ನಿಂತಿದ್ದೂ ಉಂಟು.

ನಿನ್ನ ಚಿಕ್ಕಪ್ಪ ಏಳು ದಿನದ ಪಟ್ಟಿ ಮಾಡಿ ಕಳಿಸಿದ್ದಾರೆ. ಪ್ರೀತಿಯಿಂದ ಮಾಡಿದ್ದಾರೆ, ಚೆನ್ನಾಗಿದೆ. ನಾನೂ ಎರಡು ಸಲ ಅಂಥ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ಎರಡು ಸಲವೂ ಬುಧವಾರದ ಹೊತ್ತಿಗೆ ತಪ್ಪಿತು. ಪಟ್ಟಿಯಲ್ಲಿ ಪಾಲಕ್ ಅಂತ ಇರುತ್ತದೆ, ಬೀದಿಗೆ ಬಂದ ಗಾಡಿಯಲ್ಲಿ ಎಳೆ ಸಬ್ಬಕ್ಕಿ ಸೊಪ್ಪು ಘಮ್ ಅಂತಿರುತ್ತದೆ. ಪಟ್ಟಿಯಲ್ಲಿ ಬಿಸಿಬೇಳೆಬಾತ್ ಇರುತ್ತದೆ, ಮಗುವಿಗೆ ಜ್ವರ ಬಂದು ಗಂಜಿ ಕೇಳುತ್ತದೆ.

ನನಗೆ ದಾರಿ ತೋರಿಸಿದ್ದು ನಿನ್ನ ಅಜ್ಜಿ. ಅವರ ಅಡುಗೆಮನೆಯಲ್ಲಿ ಸಾಲಾಗಿ ಐದು ಹಿತ್ತಾಳೆ ಡಬ್ಬ ಇದ್ದವು, ನೆನಪಿದೆಯಾ? ಹೆಸರುಕಾಳು, ಅಲಸಂದೆ, ಹುರುಳಿ, ಕಡಲೆಕಾಳು, ಒಣಗಿದ ಅವರೆಕಾಳು. ರಾತ್ರಿ ಊಟ ಮುಗಿದು ಒಲೆ ಒರೆಸಿದ ಮೇಲೆ ಸಾಲಿನ ಮೊದಲನೇ ಡಬ್ಬದಿಂದ ಕಾಳು ತೆಗೆದು ನೆನೆಹಾಕುತ್ತಿದ್ದರು. ತೆಗೆದ ಡಬ್ಬವನ್ನು ಸಾಲಿನ ಕೊನೆಗೆ ಇಡುತ್ತಿದ್ದರು. ಮುಂದಿನ ಸಲ ಎದುರಿಗೆ ಬಂದ ಡಬ್ಬದ ಸರದಿ. ಅಷ್ಟೇ. ಆ ಮನೆಯಲ್ಲಿ ನಾಳೆ ಏನು ಅಡುಗೆ ಅಂತ ಯಾರೂ ಕೇಳುತ್ತಿರಲಿಲ್ಲ. ನೆನೆಹಾಕಿದ ಪಾತ್ರೆಯ ತಟ್ಟೆ ಎತ್ತಿ ನೋಡಿದರೆ ಗೊತ್ತಾಗುತ್ತಿತ್ತು.

ನೀನೂ ಹಾಗೇ ಮಾಡು. ಬೆಳಿಗ್ಗೆಯ ಗಡಿಬಿಡಿಯಲ್ಲಿ ಯೋಚನೆಗೆ ಕೂರಬೇಡ. ರಾತ್ರಿಯೇ ತೀರ್ಮಾನ ಮಾಡು, ಅದೂ ಅಡುಗೆಯನ್ನಲ್ಲ, ಕಾಳನ್ನು ಮಾತ್ರ. ವಾರಕ್ಕೆ ಮೂರು ರಾತ್ರಿ ಸಾಕು. ನಿಮ್ಮ ಮನೆಯಲ್ಲಿ ಸೋಮವಾರ, ಶನಿವಾರ ಬಾಡು ಮಾಡುವುದಿಲ್ಲ, ಭಾನುವಾರ ಕೋಳಿನೋ ಮಟನ್ನೋ ಇದ್ದೇ ಇರುತ್ತದೆ. ಉಳಿದ ದಿನಗಳಿಗೆ ಬೇಳೆಸಾರು, ಹುಳಿ, ಮೊಸರು ಇದ್ದಾವಲ್ಲ. ಒಂದು ನೆನಪಿಟ್ಟುಕೋ. ಹೆಸರುಕಾಳು, ಅಲಸಂದೆ ಮರೆತರೆ ಬೆಳಿಗ್ಗೆ ಎದ್ದು ಬಿಸಿನೀರಲ್ಲಿ ಹಾಕಿ ಹೇಗೋ ಮಾಡಬಹುದು, ಕಡಲೆಕಾಳು ಮರೆತರೆ ಆಗುವುದಿಲ್ಲ. ಹುರುಳಿಯ ಮೊಳಕೆ ಸಾರು ಬೇಕಾದರೆ ಇನ್ನೂ ಒಂದು ದಿನ ಮುಂಚೆ ಯೋಚಿಸಬೇಕು. ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಟ್ಟು, ಮಾರನೇ ದಿನ ಬಿಚ್ಚಬೇಕು.

ಇನ್ನು ಒಬ್ಬರಿಗೆ ಸಾರು ಬೇಕು, ಒಬ್ಬರಿಗೆ ಪಲ್ಯ ಬೇಕು ಅಂತ ಬರೆದಿದ್ದೆಯಲ್ಲ. ಅದಕ್ಕೆ ಬಸ್ಸಾರಿಗಿಂತ ಒಳ್ಳೆಯ ಅಡುಗೆ ನನಗಂತೂ ಗೊತ್ತಿಲ್ಲ. ನೆನೆದ ಹೆಸರುಕಾಳನ್ನು ಜಾಸ್ತಿ ನೀರಿಟ್ಟು ತೆರೆದ ಪಾತ್ರೆಯಲ್ಲೇ ಬೇಯಿಸು. ಕುಕ್ಕರ್ ಬೇಡ, ಕಾಳು ಮುದ್ದೆಯಾಗುತ್ತದೆ. ಮುಕ್ಕಾಲು ಬೆಂದಾಗ ಹೆಚ್ಚಿದ ದಂಟಿನ ಸೊಪ್ಪು, ಉಪ್ಪು ಹಾಕು. ಬೆರಳಲ್ಲಿ ಹಿಸುಕಿದರೆ ಕಾಳು ಒಡೆಯಬೇಕು, ಕರಗಬಾರದು. ಆಗ ಬಸಿ. ಕೆಳಗೆ ಇಳಿಯುವ ಆ ಹಸಿರು ಕಟ್ಟನ್ನು ಒಂದು ತೊಟ್ಟೂ ಚೆಲ್ಲಬೇಡ, ಸಾರಿನ ರುಚಿಯೆಲ್ಲ ಅದರಲ್ಲೇ ಇರುವುದು. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಮೆಣಸು ಹುರಿದು, ಕಾಯಿತುರಿ, ಹುಣಸೆಹಣ್ಣು, ಸಾರಿನ ಪುಡಿ ಸೇರಿಸು. ಬಸಿದ ಕಾಳುಸೊಪ್ಪಿನಲ್ಲೂ ಒಂದು ಹಿಡಿ ಅದಕ್ಕೇ ಹಾಕಿ ರುಬ್ಬು. ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರಾಯಿತು. ಉಳಿದ ಕಾಳುಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು ಮೇಲೆ ಕಾಯಿ ಉದುರಿಸಿದರೆ ಪಲ್ಯವಾಯಿತು. ನಿಮ್ಮ ಮಾವನವರಿಗೆ ಮುದ್ದೆ ಜೊತೆ ಸಾರು, ಮಕ್ಕಳಿಗೆ ಚಪಾತಿ ಜೊತೆ ಪಲ್ಯ, ನಿನ್ನ ಯಜಮಾನರಿಗೆ ಅನ್ನಕ್ಕೆ ಎರಡೂ. ಮಾರನೇ ದಿನ ಬಿಸಿ ಮಾಡಿದ ಬಸ್ಸಾರು ಇನ್ನೂ ರುಚಿ. ಅಲ್ಲಿಗೆ ಎರಡನೇ ದಿನದ ಯೋಚನೆಯೂ ಕಳೆಯಿತು.

ತಿಂಡಿಗೆ ಶನಿವಾರ ರಾತ್ರಿ ಒಂದೇ ಹಿಟ್ಟು ರುಬ್ಬಿಡು. ನಾಲ್ಕು ಲೋಟ ದೋಸೆ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಭಾನುವಾರ ದೋಸೆ. ಉಳಿದಿದ್ದು ಫ್ರಿಜ್ಜಿಗೆ. ಮಂಗಳವಾರ ಈರುಳ್ಳಿ ಹಾಕಿ ದಪ್ಪ ದೋಸೆ. ಗುರುವಾರಕ್ಕೆ ಹುಳಿ ಬಂದಿರುತ್ತದೆ, ಆಗ ಹಸಿಮೆಣಸಿನಕಾಯಿ, ಕರಿಬೇವು ಬೆರೆಸಿ ಪಡ್ಡು ಹಾಕು. ಮಕ್ಕಳ ಡಬ್ಬಿಗೂ ಆಯಿತು. ಈಗ ಬೆಂಗಳೂರಿನ ಚಳಿಗೆ ಹಿಟ್ಟು ಉಬ್ಬುವುದು ತಡ, ಕಂಬಳಿ ಸುತ್ತಿಡು.

ಇನ್ನೊಂದು, ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಏನು ಬೇಕು ಅಂತ ಕೇಳಬೇಡ. ಒಂದು ರಾತ್ರಿಗೆ ಒಬ್ಬರನ್ನೇ ಕೇಳು, ಎರಡರಲ್ಲಿ ಒಂದು ಹೇಳಿ ಅನ್ನು. "ಅಲಸಂದೆನಾ, ಕಡಲೆಕಾಳಾ?" ಅವತ್ತು ಅವರು ಹೇಳಿದ್ದೇ ಆಗಬೇಕು, ಬೇರೆಯವರ ಸರದಿ ಬೇರೆ ದಿನ. ಮಕ್ಕಳ ಸರದಿ ಬಂದಾಗ ಅವರ ಕೈಯಲ್ಲೇ ಕಾಳು ತೊಳೆಸಿ ನೀರು ಹಾಕಿಸು. ನಮ್ಮ ಮೊಮ್ಮಗನಿಗೆ ಒಂಬತ್ತು ವರ್ಷ, ಕಾಳು ಕಂಡರೆ ತಟ್ಟೆ ಅಂಚಿಗೆ ಸರಿಸುತ್ತಿದ್ದ. ಒಂದು ರಾತ್ರಿ ತಾನೇ ನೆನೆಹಾಕಿ, ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ಮುಂಚೆ ಬಂದು ತಟ್ಟೆ ಎತ್ತಿ ನೋಡಿದ. "ಅಜ್ಜಿ, ಎಷ್ಟು ದಪ್ಪ ಆಗಿದಾವೆ ನೋಡು!" ಅಂದ. ಅವತ್ತು ಎರಡನೇ ಸಲ ಹಾಕಿಸಿಕೊಂಡು ತಿಂದ. ನಿಮ್ಮ ಅತ್ತೆಯವರನ್ನೂ ಕೇಳಮ್ಮ. ಏನಾದರೂ ಮಾಡು ಅನ್ನುತ್ತಾರೆ ಅಂತ ಬಿಡಬೇಡ. ಎರಡು ಡಬ್ಬ ಎದುರಿಗಿಟ್ಟು ಕೇಳಿದರೆ ಖಂಡಿತ ಒಂದನ್ನು ಮುಟ್ಟಿ ತೋರಿಸುತ್ತಾರೆ.

ಇನ್ನೇನು ಅವರೆಕಾಯಿ ಜಾಸ್ತಿ ಬರುವ ಕಾಲ. ಮಾಗಡಿ ಕಡೆಯ ಸೊಗಡಿನ ಕಾಯಿ ಸಿಕ್ಕರೆ ಬಿಡಬೇಡ. ಎರಡು ಕೆಜಿ ತಂದು ಟಿವಿ ಮುಂದೆ ಸುರಿ, ಐದು ಜನರೂ ಬಿಡಿಸಲಿ. ರಾತ್ರಿ ನೆನೆಸಿ ಬೆಳಿಗ್ಗೆ ಹಿತಕುವುದಕ್ಕೂ ಎಲ್ಲರನ್ನೂ ಕೂರಿಸಿಕೋ. ಸಾರು, ಉಪ್ಪಿಟ್ಟು, ಅಕ್ಕಿರೊಟ್ಟಿ, ಎಲ್ಲಕ್ಕೂ ಆಗುತ್ತದೆ.

ಈಗ ಗಂಟೆ ಒಂಬತ್ತೂವರೆ. ಹೆಸರುಕಾಳು ಮನೆಯಲ್ಲಿ ಇದ್ದೇ ಇರುತ್ತದೆ. ಒಂದು ಲೋಟ ತೊಳೆದು ನೆನೆಹಾಕಿ ಮಲಗಿಕೋ ಕಂದ. ಯಾವ ಸೊಪ್ಪು ಅನ್ನುವುದನ್ನು ಬೆಳಿಗ್ಗೆ ಗಾಡಿ ಬಂದಾಗ ನೋಡಿದರಾಯಿತು.