ಕೊಡಕ್ ಫೋಟೋ ಸಿಡಿಯಲ್ಲಿರುವ ಅಜ್ಜನ ಚಿತ್ರವನ್ನು ಪೂರ್ಣ ಗಾತ್ರದಲ್ಲಿ ಪಡೆಯುವುದು ಹೇಗೆ?

ಪ್ರಶ್ನೆ (ಸಪ್ತಾಪುರ, ಧಾರವಾಡ):
ನಮಸ್ಕಾರ. 1995ರಲ್ಲಿ ಅಮೆರಿಕದಿಂದ ಊರಿಗೆ ಬಂದಿದ್ದ ನಮ್ಮ ಕಾಕಾ ಇಲ್ಲಿ ತೆಗೆದ ಫೋಟೋಗಳನ್ನು ಅಲ್ಲಿ ತೊಳೆಸಿ, ಕೊಡಕ್ ಫೋಟೋ ಸಿಡಿಗೆ ಹಾಕಿಸಿ ಕಳುಹಿಸಿದ್ದರು. ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ಅಲ್ಲಿನ ನಮ್ಮ ಹಳ್ಳಿಮನೆಯ ಕಟ್ಟೆಯ ಮೇಲೆ ಅಜ್ಜ ರುಮಾಲು ಸುತ್ತಿಕೊಂಡು ಕುಳಿತ ಚಿತ್ರ ಅದರಲ್ಲಿದೆ. ನೆಗೆಟಿವ್ ಉಳಿದಿಲ್ಲ. ಕಂಪ್ಯೂಟರ್ ಅಂಗಡಿಯೊಂದರಲ್ಲಿ ಫೈಲ್ ಕೆಟ್ಟಿದೆ ಎಂದರು. ಅಂತರ್ಜಾಲದ ಪರಿವರ್ತಕವೊಂದರಲ್ಲಿ ಚಿತ್ರ ತೆರೆಯಿತಾದರೂ ಬಹಳ ಚಿಕ್ಕದಾಗಿದೆ, ರುಮಾಲು ಸುಣ್ಣ ಬಳಿದಂತೆ ಬರೀ ಬಿಳಿಯಾಗಿದೆ. ಅವ್ವನ ಕೋಣೆಯಲ್ಲಿ ಕಟ್ಟು ಹಾಕಿಸಿ ಇಡುವಂತಹ ಪ್ರತಿ ಸಿಗಬಹುದೆ?

ಉತ್ತರ (ಹಳೆಯ ಫೋಟೋ ಡಿಜಿಟಲೀಕರಣ ವೃತ್ತಿಯವರು, ಹುಬ್ಬಳ್ಳಿ):
ನಮಸ್ಕಾರ ರೀ. ಚಿತ್ರ ಚಿಕ್ಕದಾಗಿಯಾದರೂ ತೆರೆದಿದೆ ಎಂದರೆ ಫೈಲ್ ಕೆಟ್ಟಿಲ್ಲ. ಕೊಡಕ್ ಸಂಸ್ಥೆ 1992ರಲ್ಲಿ ಮಾರುಕಟ್ಟೆಗೆ ತಂದ ಈ ಸಿಡಿಗಳಲ್ಲಿ ಪ್ರತಿ ಪಿಸಿಡಿ (ಫೋಟೋ ಸಿಡಿಯ ಚಿತ್ರ) ಫೈಲಿನೊಳಗೆ ಒಂದೇ ಚಿತ್ರ ಐದು ಗಾತ್ರಗಳಲ್ಲಿ ಅಡಗಿರುತ್ತದೆ: ಅತಿ ಚಿಕ್ಕದು 192×128 ಪಿಕ್ಸೆಲ್, ನಡುವಿನದು 768×512, ಅತಿ ದೊಡ್ಡದು 3072×2048. ದೊಡ್ಡ ಎರಡು ಗಾತ್ರಗಳನ್ನು ಪೂರ್ಣ ಚಿತ್ರವಾಗಿ ಇಡದೆ, ಅದಕ್ಕಿಂತ ಚಿಕ್ಕ ಗಾತ್ರಕ್ಕೆ ಸೇರಿಸಬೇಕಾದ ವ್ಯತ್ಯಾಸವನ್ನಷ್ಟೇ ಸಂಕುಚಿಸಿ ಇಟ್ಟಿರುವುದರಿಂದ, ಅನೇಕ ತಂತ್ರಾಂಶಗಳು ಆ ಭಾಗವನ್ನು ಬಿಡಿಸಲು ಹೋಗದೆ 768×512ಕ್ಕೇ ನಿಂತುಬಿಡುತ್ತವೆ. ಇಂಚಿಗೆ 300 ಚುಕ್ಕೆಗಳಂತೆ ಮುದ್ರಿಸಿದರೆ ಅದು ಎರಡೂವರೆ ಇಂಚು ಅಗಲದ ಚಿತ್ರ. ದೊಡ್ಡ ಗಾತ್ರವಾದರೆ ಹತ್ತು ಇಂಚು ದಾಟುತ್ತದೆ. ಕಟ್ಟು ಹಾಕಿಸಲು ಅದು ಧಾರಾಳವಾಗಿ ಸಾಕು.

ರುಮಾಲಿನ ವಿಷಯ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಈ ಸಿಡಿಯ ಬಣ್ಣದ ಪದ್ಧತಿಯಾದ ಫೋಟೋ ವೈಸಿಸಿಯಲ್ಲಿ ಸಾಮಾನ್ಯ ಬಿಳಿಗಿಂತ ಹೆಚ್ಚು ಬೆಳಕಿನ ವಿವರಗಳಿಗೂ ಜಾಗವಿದೆ. ಪರಿವರ್ತಕವು ಅದನ್ನು ಅರಿಯದೆ ಮೇಲಿನ ಭಾಗವನ್ನು ಕತ್ತರಿಸಿಬಿಟ್ಟರೆ ಬಿಳಿ ರುಮಾಲು, ಧೋತರ, ಬಿಸಿಲು ಬಿದ್ದ ಗೋಡೆ, ಎಲ್ಲವೂ ಮಡಿಕೆ ನೆರಳುಗಳನ್ನು ಕಳೆದುಕೊಂಡು ಒಂದೇ ಬಿಳಿಯಾಗುತ್ತವೆ. ಅಜ್ಜನ ರುಮಾಲಿನ ಸುತ್ತುಗಳು ಮೂಲ ಫೈಲಿನಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು.

ಮೊದಲು ಸಿಡಿಯಲ್ಲಿರುವ ‘ಫೋಟೋ ಸಿಡಿ’ ಫೋಲ್ಡರನ್ನು ಪೂರ್ತಿಯಾಗಿ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿರಿ. ಚಿತ್ರಗಳು ಅದರೊಳಗಿನ ‘ಇಮೇಜಸ್’ ಫೋಲ್ಡರಿನಲ್ಲಿರುತ್ತವೆ. ‘ಓವರ್‌ವ್ಯೂ’ ಎಂಬ ಫೈಲಿನಲ್ಲಿರುವುದು ಪುಟ್ಟ ಚಿತ್ರಗಳ ಸೂಚಿ ಮಾತ್ರ. ಬಳಿಕ ‘ಪಿಸಿಡಿ ಟು ಜೆಪೆಗ್’ ಎಂಬ ಉಚಿತ ತಂತ್ರಾಂಶವನ್ನು ಬಳಸಿರಿ. ಅದಕ್ಕೆ ಕಿಟಕಿ, ಗುಂಡಿಗಳಿಲ್ಲ, ಆಜ್ಞೆಯನ್ನು ಟೈಪ್ ಮಾಡಬೇಕಾಗುತ್ತದೆ. ಆದರೂ ದೊಡ್ಡ ಗಾತ್ರವನ್ನೂ ಬಿಳಿಯ ವಿವರಗಳನ್ನೂ ಅದು ಜೋಪಾನವಾಗಿ ಹೊರತೆಗೆಯುವುದರಿಂದ ಆ ಶ್ರಮ ಪಡಬೇಕೆಂದೇ ನನ್ನ ಸಲಹೆ.

ಮರುಪ್ರಶ್ನೆ (ಸಪ್ತಾಪುರ, ಧಾರವಾಡ):
ತಮ್ಮ ಮಾತಿನಂತೆ ಮಾಡಿದೆ. ಅಜ್ಜನ ಚಿತ್ರ 3072×2048ರಲ್ಲಿ ಬಂದಿತು, ರುಮಾಲಿನ ಸುತ್ತುಗಳನ್ನು ಎಣಿಸಬಹುದಾಗಿದೆ. ಆದರೆ ಮೂರು ಫೈಲುಗಳು ಸಿಡಿಯಿಂದ ನಕಲಾಗುತ್ತಲೇ ಇಲ್ಲ.

ಉತ್ತರ (ಹುಬ್ಬಳ್ಳಿ):
ಬಹಳ ಸಂತೋಷವಾಯಿತು. ಮೆತ್ತನೆಯ ಒಣ ಬಟ್ಟೆಯಿಂದ ನಡುವಿನ ತೂತಿನ ಕಡೆಯಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿರಿ. ಸುತ್ತಲೂ ತಿರುಗಿಸಿ ಒರೆಸಿದರೆ ಬೀಳುವ ಗೀರು ದತ್ತಾಂಶದ ಜಾಡಿನುದ್ದಕ್ಕೂ ಸಾಗಿ ಹೆಚ್ಚು ಹಾನಿ ಮಾಡುತ್ತದೆ. ಆಮೇಲೆ ಬೇರೆ ಬೇರೆ ಡಿವಿಡಿ ಡ್ರೈವುಗಳಲ್ಲಿ ಹಾಕಿ ನೋಡಿರಿ. ಒಂದು ಡ್ರೈವ್ ಓದಲಾರದ ಸಿಡಿಯನ್ನು ಮತ್ತೊಂದು ಸಲೀಸಾಗಿ ಓದಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಇನ್ನೊಂದು ಪ್ರಶ್ನೆ (ಗದಗ):
ನಮ್ಮ ಹಳೆಯ ಮುದ್ರಣಾಲಯದ ಪಿಸಿಎಕ್ಸ್ ಫೈಲುಗಳಿಗೂ ಇದೇ ಕ್ರಮವೆ?

ಉತ್ತರ (ಹುಬ್ಬಳ್ಳಿ):
ಅಲ್ಲ. ಹೆಸರು ಹತ್ತಿರವಿದ್ದರೂ ಅದು ಪಿಸಿ ಪೇಂಟ್‌ಬ್ರಷ್ ತಂತ್ರಾಂಶದ ಬೇರೆಯೇ ಮಾದರಿ. ಗಿಂಪ್ ಅಥವಾ ಇರ್ಫಾನ್‌ವ್ಯೂ ಎಂಬ ಚಿತ್ರ ತಂತ್ರಾಂಶದಲ್ಲಿ ನೇರವಾಗಿ ತೆರೆದು ಪಿಎನ್‌ಜಿಯಾಗಿ ಉಳಿಸಿರಿ. ಜೆಪೆಗ್ ಮಾಡಿದರೆ ಅಕ್ಷರ, ಗೆರೆಗಳ ಅಂಚು ಕದಡುತ್ತದೆ.